ಪಿನ್ನು ಕೀಳದೆ ತಂದ ಸಹಿಗಳು

ಬೆಳಗ್ಗೆ ಏಳು ಗಂಟೆ. ನವೆಂಬರಿನ ಚಳಿಗೆ ಒಹಾಯೊದ ಕೋಲ್ಟರ್ಸ್‌ಬರ್ಗ್ ಇನ್ನೂ ಮುದುರಿಕೊಂಡು ಮಲಗಿದೆ. ಊರ ನದಿಯ ಪೂರ್ವ ದಡದ ಶಾಲೆಯೆದುರು, ಹಳದಿ ಕೋಟು ತೊಟ್ಟ ವರ್ನೆಟಾ ಪ್ರೂಯಿಟ್ 'ನಿಲ್ಲಿ' ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದಾರೆ. ಈ ವಾರವಿಡೀ ಅವರನ್ನು ಕಂಡ ಕಾರುಗಳೆಲ್ಲ ಹಾರ್ನ್ ಬಾರಿಸುತ್ತಿವೆ.

"ಶಾಲೆ ಮುಂದೆ ಹಾರ್ನ್ ಹೊಡೀತೀಯಲ್ಲೋ, ಬುದ್ಧಿ ಬೇಡ್ವಾ?" ಎಂದು ಗದರುತ್ತಾರೆ.

ಬ್ರೆಡ್ ವ್ಯಾನಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕುತ್ತಾನೆ. "ಗೆದ್ದಿದ್ದೀವಲ್ಲ ಮಿಸ್ ವರ್ನೆಟಾ! ಒಂದ್ ವಾರ ಸಹಿಸ್ಕೊಳ್ಳಿ!"

ಗದರಿದ ಬಾಯಿ ನಗು ತಡೆಯಲಾರದೆ ಸೋಲುತ್ತದೆ.

ಗೆಲುವೆಂದರೆ, ನಗರದ ಆಡಳಿತಕ್ಕೆ ಬುನಾದಿಯಾದ ಚಾರ್ಟರ್ ಬದಲಾಗಿದೆ. ಇಲ್ಲಿಯವರೆಗೆ ನಗರಸಭೆಯ ಏಳೂ ಸದಸ್ಯರನ್ನು ಇಡೀ ಊರು ಸೇರಿ ಆರಿಸುತ್ತಿತ್ತು. ಊರಿನ ಇನ್ನೊಂದು ಬದಿ, ಗುಡ್ಡದ ಮೇಲಿನ ಬಡಾವಣೆಯವರು ಓಟು ಹಾಕುವುದರಲ್ಲಿ ಮುಂದು. ಹಾಗಾಗಿ ನಲವತ್ತು ವರ್ಷ ಏಳಕ್ಕೆ ಏಳೂ ಸದಸ್ಯರು ಗುಡ್ಡದವರೇ. ಇನ್ನು ಮುಂದೆ ಏಳು ವಾರ್ಡು, ವಾರ್ಡಿಗೊಬ್ಬರು, ಅದೂ ಅಲ್ಲೇ ವಾಸವಿರುವವರು.

ವರ್ನೆಟಾರಿಗೆ ಅರವತ್ತೆರಡು. ಗಂಡ ಪೈಪು ಕಾರ್ಖಾನೆಯಲ್ಲಿದ್ದರು, ಈಗಿಲ್ಲ. ಮಂಡಿ ಹಿಡಿದುಕೊಂಡಿದೆ. ಆದರೂ ಹತ್ತೊಂಬತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಇನ್ನೂರ ಹನ್ನೆರಡು ಮಕ್ಕಳನ್ನು ದಾಟಿಸುತ್ತಾರೆ. ಹಿಮ ಕರಗುವ ಕಾಲಕ್ಕೆ ಅವರ ಬೀದಿಯ ನೆಲಮಾಳಿಗೆಗಳಿಗೆಲ್ಲ ಚರಂಡಿ ನೀರು ನುಗ್ಗುತ್ತದೆ. ದೂರು ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ.

"ಗುಡ್ಡದ ಮೇಲೆ ನೀರು ನಿಲ್ಲಲ್ಲ ಚಿನ್ನ," ಎನ್ನುತ್ತಾರೆ. "ಅವ್ರಿಗೆ ಹೆಂಗ್ ಗೊತ್ತಾಗ್ಬೇಕು?"

ಚಾರ್ಟರ್ ತಿದ್ದುಪಡಿಯನ್ನು ಮತಕ್ಕೆ ಹಾಕಲು ಸಾವಿರದ ನೂರ ನಲವತ್ತು ಮತದಾರರ ಸಹಿ ಬೇಕು. ಹೋದ ವರ್ಷ ಪೂರ್ವ ದಡದ ಹೆಂಗಸರು ಅದಕ್ಕಾಗಿ ಬೀದಿಗಿಳಿದರು. ಸಹಿ ಹಾಳೆಯ ಹಿಂದೆ ತಿದ್ದುಪಡಿಯ ಪೂರ್ತಿ ಪಾಠ, ಹನ್ನೊಂದು ಪುಟ, ಪಿನ್ನು ಹೊಡೆದಿರುತ್ತದೆ. ಆ ಕಟ್ಟು ನೋಡಿಯೇ ಜನ ಹಿಂಜರಿಯುತ್ತಿದ್ದರು, ಗಾಳಿಗೆ ಪುಟಗಳು ಮುಖಕ್ಕೆ ಬಡಿಯುತ್ತಿದ್ದವು. ವರ್ನೆಟಾ ಉಪಾಯ ಮಾಡಿದರು. ಪಿನ್ನು ಕಿತ್ತು, ಸಹಿ ಹಾಳೆಗಳನ್ನಷ್ಟೇ ಪ್ಯಾಡಿಗೆ ಸಿಕ್ಕಿಸಿ ಹೊರಟರು. ಸಹಿ ಸರಸರನೆ ಬಿತ್ತು. ರಾತ್ರಿ ಮನೆಯಲ್ಲಿ ಕೂತು ಎಲ್ಲವನ್ನೂ ಅಚ್ಚುಕಟ್ಟಾಗಿ ಮತ್ತೆ ಪಿನ್ನು ಹೊಡೆದರು.

ನಗರಸಭೆ ಕಚೇರಿಯಲ್ಲಿ ಹಾಳೆಗಳ ಮೇಲೆ ಪಿನ್ನಿನ ಎರಡೆರಡು ಜೋಡಿ ತೂತು ಕಣ್ಣಿಗೆ ಬಿತ್ತು. ಪಾಠ ಕಳಚಿದ ಹಾಳೆ ಕಾನೂನಿಗೆ ಬರೀ ಕಾಗದ. ಅವರ ನಾನೂರ ಹನ್ನೆರಡು ಸಹಿಯೂ ಹೋಯಿತು. ಒಟ್ಟಿನಲ್ಲಿ ನೂರ ಅರವತ್ತೆಂಟು ಕಡಿಮೆ ಬಿತ್ತು. ಇಡೀ ವರ್ಷದ ದುಡಿಮೆ ನೀರುಪಾಲು.

"ಬೇರೆ ಯಾರದ್ದೂ ತಪ್ಪಿರಲಿಲ್ಲ, ನಂದೇ," ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ. "ಮೂರು ಭಾನುವಾರ ಚರ್ಚಿಗೇ ಹೋಗ್ಲಿಲ್ಲ. ಯಾವ ಮುಖ ಇಟ್ಕೊಂಡ್ ಹೋಗ್ಲಿ?"

ಅವರನ್ನು ಮತ್ತೆ ಬೀದಿಗೆ ಎಳೆದು ತಂದವರು ಲಾಂಡ್ರಿ ಅಂಗಡಿಯ ಡೊರೆಂಡಾ ಸ್ಟೋಕ್ಸ್. ಬಾಗಿಲಲ್ಲೇ ನಿಂತು, "ಪಿನ್ನು ಕಿತ್ತೋಳೇ ಪಿನ್ನು ಕಾಯ್ಬೇಕು, ಏಳೇ ಮಹರಾಯ್ತಿ! ಹೊಸ ಹಾಳೆ ತಂದಿದೀನಿ," ಎಂದರಂತೆ.

ವರ್ನೆಟಾ ಎದ್ದರು. ಕೆಲಸದ ಹೊತ್ತಿನಲ್ಲಿ ಸಹಿ ಕೇಳುವಂತಿಲ್ಲವಾದ್ದರಿಂದ ಬೆಳಗಿನ ಪಾಳಿಗೂ ಮಧ್ಯಾಹ್ನದ ಪಾಳಿಗೂ ನಡುವೆ ಮನೆಮನೆ ಹತ್ತಿಳಿದರು. ಹನ್ನೊಂದು ಪುಟವನ್ನೂ ಬಿಡಿಸಿ ಹೇಳಿದರು. ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠವಾಯಿತು. ಯಾರಾದರೂ ಪುಟವನ್ನು ಜೋರಾಗಿ ಮಗುಚಿದರೆ "ಪಿನ್ನು! ಪಿನ್ನು!" ಎಂದು ಕೂಗುತ್ತಿದ್ದರು. ಬೀದಿ ಅವರಿಗೆ ಅದೇ ಅಡ್ಡಹೆಸರಿಟ್ಟಿತು.

ಈ ಬಾರಿ ವರ್ನೆಟಾ ಒಬ್ಬರೇ ತಂದದ್ದು ಆರುನೂರ ಐವತ್ತೈದು ಸಹಿ. ಅವರ ಒಂದು ಹಾಳೆಯೂ ತಿರಸ್ಕೃತವಾಗಲಿಲ್ಲ. ಬೇಕಾದಷ್ಟು ಸಹಿ ತುಂಬಿತು, ಈ ನವೆಂಬರಿನ ಮತದಾನದಲ್ಲಿ ತಿದ್ದುಪಡಿ ಏಳುನೂರಕ್ಕೂ ಹೆಚ್ಚು ಓಟಿನಿಂದ ಗೆದ್ದಿತು. ಗುಡ್ಡದವರೂ ಕೆಲವರು ಕೈಜೋಡಿಸಿದ್ದರು. ಚರ್ಚಿನ ಸಭಾಂಗಣದಲ್ಲಿ ಫಲಿತಾಂಶ ಕೇಳಿದಾಗ ವರ್ನೆಟಾ ಸೇರಿದವರಿಗೆಲ್ಲ ಮೀನು ಕರಿಯುತ್ತಿದ್ದರು. ಡೊರೆಂಡಾ ಅಪ್ಪಿಕೊಂಡು ಅತ್ತರು, ಇವರೂ ಅತ್ತರು, ಒಂದು ಬಾಣಲೆ ಮೀನು ಸೀದುಹೋಯಿತು. ಅದನ್ನೂ ಜನ ಬಿಡದೆ ತಿಂದರು.

ವಾರ್ಡಿಗೆ ನೀವೇ ನಿಲ್ಲಿ ಎಂದು ಎಲ್ಲರೂ ಗಂಟು ಬಿದ್ದಿದ್ದಾರೆ. ವರ್ನೆಟಾ ಸುತರಾಂ ಒಪ್ಪುತ್ತಿಲ್ಲ.

"ನಂಗ್ಯಾಕೆ ಕುರ್ಚಿ? ನಂದೊಂದೇ ಆಸೆ. ನಮ್ಮ ಬೀದಿಯೋರು ಯಾರಾದ್ರೂ ಗೆಲ್ಲಲಿ. ನೆಲಮಾಳಿಗೇಲಿ ನೀರು ಬಂದ ದಿನ ಚಪ್ಪಲಿ ಮೆಟ್ಕೊಂಡು ಹೋಗಿ, ಅವರ ಮನೆ ಬಾಗಿಲು ತಟ್ಟಿ, ಬಾಯ್ತುಂಬ ಬೈದು ಬರ್ತೀನಿ. ಅವರ ನೆಲಮಾಳಿಗೇಲೂ ನೀರು ನಿಂತಿರುತ್ತಲ್ಲ ಚಿನ್ನ, ಕೇಳಿಸ್ಕೋತಾರೆ."