ನಾನು ಹೊಗಳಿ ಬರೆದ ನಾಯಿಗಳ ಮನೆ

ಹೋದ ತಿಂಗಳು ಒಬ್ಬರು ನನ್ನೆದುರಿಗೇ ನಿಂತು, "ನೀವು ಪಾಪಿಷ್ಠರದೀರಿ" ಅಂದರು.

ಅಂದವರು ನನಗೆ ಆಗದವರೇನಲ್ಲ. ಒಂದೂವರೆ ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನು ಬಾಯಿತುಂಬ ಹೊಗಳಿದ್ದ ಹೆಣ್ಣುಮಗಳು.

ನೆನಪಿದೆಯೇ ನಿಮಗೆ? ಕಿತ್ತೂರಿನ ಕಡೆ ಹೋಗುವ ರಸ್ತೆಯಲ್ಲಿ, ಹೊಲದ ನಡುವಿನ ಹಳೆಯ ಕೋಳಿ ಶೆಡ್ಡಿನಲ್ಲಿ, ಯಾರಿಗೂ ಬೇಡವಾದ ನಾಯಿಗಳನ್ನು ಸಾಕುವ ನೀಲವ್ವ. (ಹೆಸರು ಬದಲಿಸಿದ್ದೇನೆ. ಆಗ ನಿಜವಾದ ಹೆಸರನ್ನೇ ಹಾಕಿದ್ದೆ. ಹೊಗಳುವಾಗ ಹೆಸರು ಬೇಕು, ಇಂಥ ಬರಹಕ್ಕೆ ಬೇಡ.) ಆಗ ಅಲ್ಲಿ ಒಂಬತ್ತು ನಾಯಿಗಳಿದ್ದವು. ಒಂದೊಂದಕ್ಕೂ ಒಂದೊಂದು ಹೆಸರು. ಹೆಸರು ಹಿಡಿದು ಕರೆದರೆ ಆಯಾ ನಾಯಿಯೇ ಎದ್ದು ಬರುತ್ತಿತ್ತು. ನಾನು ಬೆರಗಾಗಿ ನೋಡಿದೆ, ಮನೆಗೆ ಬಂದು ಬರೆದೆ. ಲೇಖನ ಓದಿದ ಎಷ್ಟೋ ಜನ ಫೋನ್ ಮಾಡಿ, "ಅಕ್ಕೋರ, ಕಣ್ಣಾಗ ನೀರು ತರಿಸಿದ್ರಿ" ಅಂದರು. (ಬೈಲಹೊಂಗಲದಲ್ಲಿ ಸಾಲಿ ಕಲಿಸಿ ನಿವೃತ್ತಳಾದವಳು ನಾನು. ಊರಿಗೆಲ್ಲ ಅಕ್ಕೋರು.)

ಖುಷಿಯಾಯಿತು. ಆ ಖುಷಿಯಲ್ಲಿ ನೀಲವ್ವನ ಮನೆಗೆ ಮತ್ತೆ ಹೋಗುವುದನ್ನೇ ಮರೆತೆ.

ಆರು ತಿಂಗಳ ಹಿಂದೆ ನಮ್ಮ ಪಕ್ಕದ ಮನೆಯವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಗಂಡ ಬ್ಯಾಂಕಿನಲ್ಲಿ ಅಧಿಕಾರಿ, ಹೆಂಡತಿ ಸುಮಂಗಲಾ. ಅವರದೊಂದು ಲ್ಯಾಬ್ರಡಾರ್ ನಾಯಿ, ಬ್ರೂನೊ. ಏಳು ವರ್ಷದ್ದು. ನಮ್ಮ ಗೇಟು ಸಪ್ಪಳಾದರೂ ಬೊಗಳದ ಸಾಧು. ಸುಮಂಗಲಾ ಕಣ್ಣು ಒರೆಸಿಕೊಳ್ಳುತ್ತ ಬಂದಳು. "ಅಲ್ಲಿ ಬಾಡಿಗಿ ಮನಿರಿ ಅಕ್ಕೋರ. ನಾಯಿ ನಡಿಯಂಗಿಲ್ಲ. ನೀವು ನೀಲವ್ವಾರ ಮ್ಯಾಲ ಲೇಖನ ಬರದಿದ್ರಲ್ಲ, ಅವರಿಗೆ ಒಂದ್ ಮಾತು ಹೇಳ್ರಿ."

ಹೇಳಿದೆ. ನೀಲವ್ವ ಒಂದು ಗಳಿಗೆ ಸುಮ್ಮನಿದ್ದು, "ಕಳಸ್ರಿ" ಅಂದರು. ಆ ಒಂದು ಗಳಿಗೆಯ ಮೌನ ನನಗೆ ಕೇಳಿಸಬೇಕಿತ್ತು. ಕೇಳಿಸಲಿಲ್ಲ.

ಹೋದ ತಿಂಗಳು ಸುಮಂಗಲಾ ಫೋನ್ ಮಾಡಿದಳು. ಬ್ರೂನೊನ ಫೋಟೊ ಕೇಳಿದರೆ ನೀಲವ್ವ ಕಳಿಸುತ್ತಿಲ್ಲವಂತೆ, ಫೋನ್ ಎತ್ತುವುದೂ ಇಲ್ಲವಂತೆ. "ನೀವರ ಒಮ್ಮೆ ನೋಡಿ ಬರ್ರಿ." ಮರುದಿನ ಬೆಳಿಗ್ಗೆ ನಮ್ಮ ಮನೆಯವರನ್ನು ಎಬ್ಬಿಸಿ ಕಾರು ತೆಗೆಸಿದೆ.

ಗೇಟಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ವಾಸನೆ ಬಂತು.

ಒಳಗೆ ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ. ಶೆಡ್ಡಿನ ನೆಲ ಹಸಿ. ಎಷ್ಟು ದಿನದ ಹಸಿಯೋ ಗೊತ್ತಿಲ್ಲ. ಕುಡಿಯುವ ನೀರಿಗೆ ಒಂದೇ ಸಿಮೆಂಟ್ ತೊಟ್ಟಿ, ಅದರ ತುಂಬ ಹಸಿರು ಪಾಚಿ. ಮೈಯೆಲ್ಲ ಕಜ್ಜಿಯಾದ ನಾಯಿಗಳು, ಅವುಗಳ ಪಕ್ಕದಲ್ಲೇ ಕಣ್ಣು ಬಿಟ್ಟು ನಾಲ್ಕು ದಿನವಾಗಿರದ ಮರಿಗಳು. ನೀಲವ್ವ ಅನ್ನವನ್ನು ಒಂದೇ ಕಡೆ ಸುರಿಯುತ್ತಿದ್ದರು. ಗಟ್ಟಿ ಇದ್ದವು ತಿನ್ನುತ್ತಿದ್ದವು, ಉಳಿದವು ದೂರದಲ್ಲಿ ಕುಳಿತು ನೋಡುತ್ತಿದ್ದವು.

ಬ್ರೂನೊ ಮೂಲೆಯಲ್ಲಿದ್ದ. ಮೋಟು ಸರಪಳಿ. ಬೆನ್ನಿನ ಕೂದಲು ಉದುರಿ ಚರ್ಮ ಕಾಣುತ್ತಿತ್ತು, ಕಿವಿಯ ತುಂಬ ಉಣ್ಣೆಹುಳು ಕಚ್ಚಿಕೊಂಡಿದ್ದವು. ಹೆಸರು ಹಿಡಿದು ಕರೆದೆ. ಎದ್ದೇಳಲಿಲ್ಲ. ಬಾಲದ ತುದಿಯನ್ನಷ್ಟೇ ಎರಡು ಸಲ ನೆಲಕ್ಕೆ ಬಡಿದ.

"ನೀಲವ್ವಾರ, ಏನ್ರಿ ಇದು?" ಅಂದೆ. ನನ್ನ ದನಿ ಏರಿತ್ತು.

ಅವರು ಬಕೆಟ್ ಕೆಳಗಿಟ್ಟರು. ಕಾಲು ಬಾತುಕೊಂಡಿದ್ದವು. "ನಾ ಏನ್ ಮಾಡ್ಲಿರಿ ಅಕ್ಕೋರ? ಬ್ಯಾಡ ಅಂದ್ರ ನಾಯಿ ಗೇಟಿಗೆ ಕಟ್ಟಿ ಹೋಗ್ತಾರ. ಸವದತ್ತಿಯಿಂದ ಬರ್ತಾರ, ರಾಮದುರ್ಗದಿಂದ ಬರ್ತಾರ. ಕೆಲಸಕ್ಕ ಬರಾಕಿನೂ ಬಿಟ್ಟಳು. ಸಂಗೊಳ್ಳ್ಯಾಗ ನನ್ನ ತಂಗಿ ಮಗಳ ಮದವಿ ಆತು, ಹೋಗಲಿಲ್ಲ. ಇವಕ್ಕ ಯಾರು ಹಾಕವ್ರು?"

"ಇಷ್ಟು ಜನಕ್ಕ ನಿಮ್ಮ ಹೆಸರು ಹೆಂಗ ಗೊತ್ತಾತು?"

ನೀಲವ್ವ ನನ್ನನ್ನೇ ನೋಡಿದರು. "ನಿಮ್ಮ ಲೇಖನ ಓದಿ ಬಂದೇವಿ ಅಂತಾರ್ರಿ."

ಗೋಡೆಯ ಮೇಲೆ ಆ ಲೇಖನ ಇತ್ತು, ಲ್ಯಾಮಿನೇಷನ್ ಮಾಡಿಸಿ ಹಾಕಿದ್ದರು.

ದವಾಖಾನೆಯ ಪಶುವೈದ್ಯರನ್ನು ಕರೆಸೋಣ ಅಂದೆ. "ಅವರು ಬಂದ್ರ ಬಂದ್ ಮಾಡಸ್ತಾರ. ಬ್ಯಾಡ್ರಿ" ಎಂದು ಕೈ ಮುಗಿದರು. ಬ್ರೂನೊನ ಸರಪಳಿ ಬಿಚ್ಚಿ, ಎತ್ತಿಕೊಂಡೇ ಕಾರಿಗೆ ಹಾಕಿದೆವು. ಲ್ಯಾಬ್ರಡಾರ್ ನಾಯಿಯನ್ನು ವಯಸ್ಸಾದ ಇಬ್ಬರು ಹೀಗೆ ಸಲೀಸಾಗಿ ಎತ್ತಲು ಆಗಬಾರದು. ಅಷ್ಟು ಹಗುರಾಗಿದ್ದ.

ಮನೆಗೆ ಬಂದು ದೂರು ಬರೆಯಲು ಕುಳಿತೆ. ನಮ್ಮ ಮನೆಯವರು ಅಂದರು, "ಆ ಹೆಣ್ಮಗಳು ಒಬ್ಬಾಕಿ ಮಾಡಾಕತ್ತಾಳ. ನಾವೇನು ಮಾಡೇವಿ? ಕಂಪ್ಲೇಂಟ್ ಕೊಡಾಕ ನಮಗ ಯಾವ ಮುಖ ಐತಿ?"

ಪೆನ್ನು ಕೆಳಗಿಟ್ಟೆ. ಮಾತು ಸುಳ್ಳಲ್ಲವಲ್ಲ.

ಊರಿನ ಪ್ರಾಣಿಪ್ರಿಯರ ವಾಟ್ಸಾಪ್ ಗ್ರೂಪಿನಲ್ಲಿ ಮೆತ್ತಗೆ ವಿಷಯ ಹಾಕಿದೆ. ಹತ್ತು ನಿಮಿಷದಲ್ಲಿ ನಾನೇ ಅಪರಾಧಿ. "ನೀವು ಎಷ್ಟು ನಾಯಿ ಸಾಕಿದೀರಿ?" "ಒಳ್ಳೆ ಕೆಲಸ ಮಾಡೋರಿಗೆ ಕಾಲು ಎಳಿಬ್ಯಾಡ್ರಿ." "ನೆಗೆಟಿವಿಟಿ ಬೇಡ." ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಸವದತ್ತಿಯ ಒಬ್ಬ ವರ್ತಕರು. ವಿಚಾರಿಸಿದರೆ, ತಮ್ಮ ಎರಡು ನಾಯಿಗಳನ್ನು ಅಲ್ಲಿ ಬಿಟ್ಟವರು. ಮತ್ತೆ ಹೋಗಿ ನೋಡಿರಲಿಲ್ಲ.

ಅವರ ಮೇಲೆ ಸಿಟ್ಟು ಬರಲಿಲ್ಲ ನನಗೆ. ನಾನೂ ಅದನ್ನೇ ಮಾಡಿದ್ದೆ. ನಾಯಿಯ ಜೊತೆ ಅದರ ಚಿಂತೆಯನ್ನೂ ನೀಲವ್ವನ ಗೇಟಿಗೆ ಕಟ್ಟಿ ಬಂದಿದ್ದೆವು. ಅಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಂಡರೆ ಮಾತ್ರ ನಮಗೆ ನಿದ್ದೆ.

ಮೂರನೆಯ ದಿನ ಪತ್ರ ಬರೆದೆ. ಕಂಡದ್ದಷ್ಟನ್ನೇ. ನೀಲವ್ವನ ಮೇಲೆ ಒಂದೂ ಆರೋಪವಿಲ್ಲ. ಆದರೆ ದವಾಖಾನೆಗೆ ಕೊಡುವ ಮೊದಲು ಅದನ್ನು ಅವರಿಗೇ ಓದಿ ಹೇಳಬೇಕು ಅನ್ನಿಸಿತು. ಬೆನ್ನ ಹಿಂದೆ ಕೊಡುವುದು ಸರಿ ಕಾಣಲಿಲ್ಲ. ಹೋಗಿ ಎದುರು ಕುಳಿತು ಓದಿದೆ.

ಪೂರ್ತಿ ಕೇಳಿಸಿಕೊಂಡು ಎದ್ದು ನಿಂತರು. "ಹೊಗಳಿ ಬರಿಯೂ ಮುಂದ ನನ್ನ ಕೇಳಿದ್ರೇನ್ರಿ? ಈಗ್ಯಾಕ ತೋರಸಾಕ ಬಂದೀರಿ? ನಿಮ್ಮ ನಾಯಿ ನೀವು ಒಯ್ದ್ರಿ. ಒಂದ್ ನಾಯಿ ಒಯ್ದ್ರ ಮುಗೀತೇನು? ನೀವು ಪಾಪಿಷ್ಠರದೀರಿ."

ಪತ್ರ ಮಡಚಿಕೊಂಡು ಎದ್ದೆ. ಅವತ್ತೇ ಅದನ್ನು ದವಾಖಾನೆಗೆ ಕೊಟ್ಟೆ.

ಎರಡು ದಿನಕ್ಕೆ ಡಾಕ್ಟರ್ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನೂ ಹೋಗಿದ್ದೆ. ನೀಲವ್ವ ನನ್ನತ್ತ ನೋಡಲಿಲ್ಲ. ಡಾಕ್ಟರ್ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಬೂಟು ಹಾಕಿಕೊಂಡು ಆ ಹಸಿಯಲ್ಲೇ ಇಳಿದರು. "ಒಟ್ಟು ಎಷ್ಟು ಅದಾವ್ರಿ ಅಮ್ಮಾರ?" ಎಂದು ಕೇಳಿದರು. ನೀಲವ್ವನಿಗೆ ಗೊತ್ತಿರಲಿಲ್ಲ. ಡಾಕ್ಟರೇ ಒಂದೊಂದರ ಮೈ ಮುಟ್ಟಿ ನೋಡುತ್ತ, ಎಣಿಸುತ್ತ ಹೋದರು.

"ನಲವತ್ತೇಳು."

ನೀಲವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತರು. "ಇಷ್ಟು ಅದಾವೇನ್ರಿ?" ಅಂದರು. ಆಮೇಲೆ ಅತ್ತರು. ಬಹಳ ಹೊತ್ತು ಅತ್ತರು. ಡಾಕ್ಟರ್ ಪಕ್ಕದಲ್ಲಿ ಕುಳಿತು, "ಬಂದ್ ಮಾಡಸಾಕ ಬಂದಿಲ್ರಿ ನಾನು. ಆದ್ರ ಇವತ್ತಿನಿಂದ ಒಂದೂ ಹೊಸಾದು ತಗೊಳ್ಳೂದಿಲ್ಲ. ಒಪ್ತೀರೇನು?" ಅಂದರು. ನೀಲವ್ವ ತಲೆಯಾಡಿಸಿದರು. ಅದು ಸೋತ ತಲೆಯಾಡಿಸುವಿಕೆ ಅನ್ನಿಸಲಿಲ್ಲ ನನಗೆ. ಯಾರಾದರೂ ಬಂದು ಹಾಗೆ ಹೇಳಲಿ ಎಂದು ಕಾದಿದ್ದವರ ಹಾಗೆ ಇತ್ತು.

ಕಜ್ಜಿಯ ನಾಯಿಗಳನ್ನು ಬೇರೆ ಕಟ್ಟಿದರು. ಇಂಜೆಕ್ಷನ್ ಶುರುವಾಯಿತು. ಎರಡು ಆ ವಾರವೇ ಸತ್ತವು. ತೊಟ್ಟಿ ತಿಕ್ಕಿ ತೊಳೆದದ್ದು ನಾನು. (ಅರವತ್ತೆರಡನೆಯ ವಯಸ್ಸಿನಲ್ಲಿ ಪಾಚಿ ತಿಕ್ಕುವುದು ಸೊಂಟಕ್ಕೆ ಒಳ್ಳೆಯದಲ್ಲ, ಮನಸ್ಸಿಗೆ ಒಳ್ಳೆಯದು.)

ನಾಯಿ ಬಿಟ್ಟವರ ಹೆಸರು, ನಂಬರು ಬರೆದಿಟ್ಟ ಒಂದು ನೋಟುಬುಕ್ ನೀಲವ್ವನ ಹತ್ತಿರ ಇತ್ತು. ಕುಳಿತು ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಕೆಲವರು ರಾಂಗ್ ನಂಬರ್ ಅಂದರು, ತಮ್ಮ ಹೆಸರು ಹೇಳಿದ ಮೇಲೂ. ಕೆಲವರು ಮೀಟಿಂಗಿನಲ್ಲಿದ್ದರು. ಸವದತ್ತಿಯ ಆ ವರ್ತಕರು ಮಾತ್ರ ಏನೂ ಹೇಳದೆ ಫೋನ್ ಇಟ್ಟು, ಮರುದಿನ ಟೆಂಪೊ ತಂದು ಎರಡೂ ನಾಯಿಗಳನ್ನು ಒಯ್ದರು. ನನ್ನ ಮುಖ ನೋಡಲಿಲ್ಲ. ನೋಡಬೇಕಿರಲೂ ಇಲ್ಲ.

ಸುಮಂಗಲಾ ಗಂಡನೊಂದಿಗೆ ನಮ್ಮ ಮನೆಗೆ ಬಂದಳು. ಬ್ರೂನೊನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ಮನಿ ಮಾಲಕರಿಗೆ ನಿನ್ನೆ ಕೇಳಿದ್ವಿರಿ ಅಕ್ಕೋರ. 'ತಂದು ಸಾಕ್ರಿ, ನಾವೆಲ್ಲಿ ಬ್ಯಾಡ ಅಂದೇವಿ' ಅಂದ್ರು."

"ಮತ್ತ ಮೊದಲ ಬ್ಯಾಡ ಅಂದಿದ್ರಲ್ಲ?"

"ಮೊದಲ ನಾವು ಕೇಳೇ ಇರಲಿಲ್ಲರಿ."

ಬ್ರೂನೊ ಈಗ ರಾಮದುರ್ಗದಲ್ಲಿದ್ದಾನೆ. ಬೆನ್ನ ಮೇಲೆ ಕೂದಲು ಬರುತ್ತಿದೆ. ಉಳಿದವುಗಳಲ್ಲಿ ಹನ್ನೆರಡಕ್ಕೆ ಬೇರೆ ಮನೆ ಸಿಕ್ಕಿದೆ, ನೀಲವ್ವನ ಶೆಡ್ಡಿನಲ್ಲಿ ಇನ್ನೂ ಮೂವತ್ತೊಂದು ಇವೆ. ವಾರಕ್ಕೆ ಎರಡು ದಿನ ನಾನು ಹೋಗುತ್ತೇನೆ. ನೀಲವ್ವ ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಚಹಾ ಕೊಡುತ್ತಾರೆ, ಪೊರಕೆಯನ್ನೂ ಕೊಡುತ್ತಾರೆ.

ಮೊನ್ನೆ ಕಸ ಹೊಡೆಯುವಾಗ ಹೊಳೆದದ್ದು ಇಷ್ಟು: ಒಳ್ಳೆಯವರು ಎಂದು ಒಬ್ಬರಿಗೆ ಕೈ ಮುಗಿದು ಬಂದ ಮೇಲೆ, ಅವರಿಗೆ ದಣಿವಾಗಿದೆಯೇ ಎಂದು ಕೇಳಲು ಮರಳಿ ಹೋದವರು ನಮ್ಮಲ್ಲಿ ಎಷ್ಟು ಜನ?