ಠಪ್ಪಕ್ಕನ ಮೇಲೆ ಬಂದ ದೂರು

ಠಪ್ಪಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ರಿಜಿಸ್ಟರ್ಡ್ ಕೌಂಟರಿನಲ್ಲಿ ಕೂತು ಠಪ್ ಠಪ್ ಎಂದು ಮೊಹರು ಹೊಡೆದ ವೇಗ ನೋಡಿ, ಸಾಲಿನಲ್ಲಿ ನಿಂತ ಜನವೇ ಕಟ್ಟಿದ ಹೆಸರು. ಪಕ್ಕದ ಕೌಂಟರಿನವರು ಕನ್ನಡಕ ಒರೆಸಿ ಒಂದು ಪತ್ರ ತೂಗುವಷ್ಟರಲ್ಲಿ ಆಕೆ ಮೂರು ಮುಗಿಸಿ, "ಮುಂದಿನವರು!" ಎಂದು ಕೂಗುತ್ತಿದ್ದಳು. ನಿಧಾನ ಎಂಬುದು ಆಕೆಯ ಲೆಕ್ಕದಲ್ಲಿ ಸೋಮಾರಿತನಕ್ಕೆ ಇಟ್ಟ ಮರ್ಯಾದೆಯ ಹೆಸರು.

ಊಟವೂ ಹಾಗೆಯೇ, ನಾಲ್ಕು ನಿಮಿಷಕ್ಕೆ ತಟ್ಟೆ ಖಾಲಿ. ದೇವರು ಜೋಡಿ ಹಾಕುವಾಗ ತಮಾಷೆ ಮಾಡುತ್ತಾನಲ್ಲ, ಗಂಡ ಮಾತ್ರ ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯುವ ಮನುಷ್ಯ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು, ಗೋಂದು ಒಣಗುವವರೆಗೆ ಕಾದು ಕಾದು ಸ್ವಭಾವವೇ ಹಾಗಾಗಿತ್ತು. "ರೀ, ಅದು ಅನ್ನ, ಕಲ್ಲಲ್ಲ. ನುಂಗಿ!" ಎಂದು ಈಕೆ ಸಿಡುಕಿದರೆ, ಅವರು ಮೂವತ್ತೆರಡು ಮುಗಿಸಿಯೇ, "ಬಾಯಲ್ಲಿ ಹಲ್ಲು ಇರೋದು ಯಾಕೆ ಮತ್ತೆ?" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಆ ಕೈಗಳಿಗೆ ಹೊಡೆಯಲು ಮೊಹರಿಲ್ಲದೆ ಮನೆಯವರೆಲ್ಲ ಕಷ್ಟಕ್ಕೆ ಸಿಕ್ಕಿಕೊಂಡರು. ಅಷ್ಟರಲ್ಲಿ ಊರಿನ ಜೈಲಿಗೆ ನಾಗರಿಕರ ಸಮಿತಿಯೊಂದು ಬೇಕೆಂದು ಪ್ರಕಟಣೆ ಬಂತು. ಕೈದಿಗಳ ದೂರುಗಳನ್ನು ಜೈಲಿನವರೇ ವಿಚಾರಿಸಿದರೆ ಬೆಕ್ಕಿನ ಮೇಲಿನ ದೂರನ್ನು ಬೆಕ್ಕಿಗೇ ಕೊಟ್ಟಂತೆ ಎಂದು ಮೇಲಿನವರಿಗೆ ಯಾವಾಗಲೋ ಹೊಳೆದಿತ್ತು. ಮೊದಲ ಅರ್ಜಿ ಠಪ್ಪಕ್ಕನದು. ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿದ್ದಳು.

ಸಮಿತಿಯಲ್ಲಿ ಇಬ್ಬರೇ. ಅಧ್ಯಕ್ಷರು ಕಟ್ಟಿಸಿದ ಹಲ್ಲಿನ ಮುದುಕ ವಕೀಲರು. ಇನ್ನೊಬ್ಬಳು ಈಕೆ. ತಿಂಗಳ ಮೊದಲ ಗುರುವಾರ ಜೈಲಿನ ಜೀಪು ಇಬ್ಬರನ್ನೂ, ದಾರಿಯಲ್ಲಿ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನೂ ಹತ್ತಿಸಿಕೊಂಡು ಬರುತ್ತಿತ್ತು. ಮೂವರಿಗೂ ಸೇರಿ ಗೇಟಿನಲ್ಲಿ ಒಂದೇ ಪಾಸು, ಒಟ್ಟಿಗೆ ಒಳಗೆ ಬಂದವರು ಒಟ್ಟಿಗೇ ಹೊರಗೆ ಹೋಗಬೇಕು. ಡಾಕ್ಟರು ಔಷಧಿ ಕೋಣೆಯಲ್ಲಿ ಕೂತು ಕೈದಿಗಳನ್ನು ನೋಡುತ್ತಿದ್ದರು. ಸಮಿತಿ ಒಂದು ಸುತ್ತು ಹಾಕಿ, ದೂರಿನ ಪೆಟ್ಟಿಗೆ ತೆಗೆದು, ಸೂಪರಿಂಟೆಂಡೆಂಟರ ಕೋಣೆಯಲ್ಲಿ ಟೀ ಕುಡಿದು ಏಳುತ್ತಿತ್ತು. ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು. ಠಪ್ಪಕ್ಕನಿಗೆ ಅದು ಒಂದೂವರೆ ನಿಮಿಷದ ಕೆಲಸ.

ನಾಲ್ಕು ವರ್ಷ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಒಂದು ಸಲ ಜೇಡ ಇತ್ತು. ಗೋಡೆಯ ಮೇಲೆ 'ದೂರುಗಳು: ಸೊನ್ನೆ' ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಸೂಪರಿಂಟೆಂಡೆಂಟರು ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡಿದ್ದರು. ಠಪ್ಪಕ್ಕನಿಗೂ ಒಳಗೊಳಗೆ ಹೆಮ್ಮೆ, ತಾನು ನೋಡಿಕೊಳ್ಳುವ ಜೈಲು ಎಂದರೆ ಹೀಗಿರಬೇಕು ಎಂದು.

ಐದನೆಯ ವರ್ಷದ ಒಂದು ಗುರುವಾರ ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ಹೆಸರಿಲ್ಲ, ಸಹಿಯಿಲ್ಲ. ಠಪ್ಪಕ್ಕನ ಮುಖ ಅರಳಿತು, ಸೂಪರಿಂಟೆಂಡೆಂಟರದು ಬಾಡಿತು. ಆಕೆ ಗಂಟಲು ಸರಿಮಾಡಿಕೊಂಡು ಕೌಂಟರಿನ ದನಿಯಲ್ಲೇ ಓದತೊಡಗಿದಳು.

"ಮಾನ್ಯರೇ, ನನಗೆ ಹಲ್ಲುನೋವು. ಡಾಕ್ಟರು ವಾರಕ್ಕೊಮ್ಮೆ ಬರಬೇಕೆಂದು ನಿಯಮವಿದೆಯಂತೆ. ಬರುವುದು ಸಮಿತಿ ಬಂದ ದಿನ ಮಾತ್ರ. ಹಲ್ಲಿಗೆ ತಿಂಗಳಿಗೊಂದೇ ದಿನ ನೋಯಿ ಎಂದು ಹೇಳಿ ನೋಡಿದೆ, ಒಪ್ಪುತ್ತಿಲ್ಲ. ಆ ದಿನವೂ ಸಾಲಿನಲ್ಲಿ ಮೂವತ್ತು ಜನ. ನನ್ನ ಪಾಳಿ ಬರುವ ಮೊದಲೇ ಸಮಿತಿಯ ಅಮ್ಮನವರು ಬಿಸ್ಕತ್ತು ಮುಗಿಸಿ ಎದ್ದುಬಿಡುತ್ತಾರೆ. ಅವರು ಎದ್ದರೆ ಡಾಕ್ಟರೂ ಏಳಬೇಕು. ಅಷ್ಟು ಬೇಗ ಬಿಸ್ಕತ್ತು ತಿನ್ನುವವರನ್ನು ನಾನು ಹೊರಗೂ ನೋಡಿಲ್ಲ, ಒಳಗೂ ನೋಡಿಲ್ಲ. ಆದ್ದರಿಂದ ಸದರಿ ಅಮ್ಮನವರು..."

ಅಲ್ಲಿಗೆ ದನಿ ಇಳಿಯಿತು. ಮುಂದಿನದನ್ನು ವಕೀಲರೇ ಬಗ್ಗಿ ಓದಿದರು: "...ಬಿಸ್ಕತ್ತನ್ನು ನಿಧಾನವಾಗಿ ತಿನ್ನುವಂತೆ ಆದೇಶಿಸಬೇಕಾಗಿ ವಿನಂತಿ."

ಸೂಪರಿಂಟೆಂಡೆಂಟರಿಗೆ ಹೋದ ಜೀವ ಬಂದಂತಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ, ಇದು ನಮ್ಮ ಮೇಲಲ್ಲ, ನಿಮ್ಮ ಮೇಲಿನ ದೂರು! ಹರಿದು ಹಾಕಿ. ಯಾವನು ಬರೆದಿದ್ದು ಅಂತ ನಾನು ಹುಡುಕ್ತೀನಿ. ಡಾಕ್ಟ್ರ ಪುಸ್ತಕದಲ್ಲಿ ಇವತ್ತು ಹಲ್ಲುನೋವು ಅಂತ ಯಾರ ಹೆಸರು ಬರುತ್ತೋ, ಅವನೇ. ಆಮೇಲೆ ಅವನ ಹಲ್ಲಿನ ವಿಚಾರ ನಾನು ನೋಡ್ಕೋತೀನಿ."

ಠಪ್ಪಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಮೂವತ್ತನಾಲ್ಕು ವರ್ಷದಲ್ಲಿ ತಡ ಮಾಡಿದಳೆಂದು ಯಾರೂ ದೂರಿರಲಿಲ್ಲ. ಬೇಗ ಮಾಡಿದ್ದಕ್ಕೆ ದೂರೇ! ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ನೆನಪು ಬಂತು. ಪ್ರತಿ ತಿಂಗಳೂ ಔಷಧಿ ಕೋಣೆಯ ಬಾಗಿಲಲ್ಲಿ ನಿಂತು, ಚಪ್ಪಾಳೆ ತಟ್ಟಿ, "ಡಾಕ್ಟ್ರೇ, ಏಳಿ ಏಳಿ, ಹೊತ್ತಾಯ್ತು!" ಎನ್ನುತ್ತಿದ್ದವಳು ತಾನೇ. ಸಾಲಿನಲ್ಲಿ ನಿಂತವರತ್ತ ಒಂದು ದಿನವೂ ತಿರುಗಿ ನೋಡಿರಲಿಲ್ಲ. ಆಕೆಗೆ ನಿಜವಾಗಿಯೂ ನಾಚಿಕೆಯಾಯಿತು.

ಈಗ ಸಂಕಟ ಬೇರೆ. ಎದ್ದು ಹೋದರೆ ಆ ಮನುಷ್ಯನ ಹಲ್ಲು ಇನ್ನೊಂದು ತಿಂಗಳು ಕೊಳೆಯುತ್ತದೆ. ಕೂತರೆ ಡಾಕ್ಟರ ಪುಸ್ತಕದಲ್ಲಿ ಅವನ ಹೆಸರು ಬಿದ್ದು ಸಿಕ್ಕಿಬೀಳುತ್ತಾನೆ. ಠಪ್ಪಕ್ಕ ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒಂದು ಏಟು ಹಾಕಿದಳು.

"ಹರಿಯೋ ಹಾಗಿಲ್ಲ. ಪೆಟ್ಟಿಗೆಗೆ ಬಿದ್ದ ಮೇಲೆ ದೂರು ದೂರೇ. ಆರೋಪಿ ನಾನು, ವಿಚಾರಣೆ ಆಗ್ಲೇಬೇಕು. ನಾನು ನಿಧಾನ ತಿಂದ್ರೆ ಸಾಲು ಮುಗಿಯುತ್ತೆ ಅಂತ ಬರೆದಿದ್ದಾನೆ. ತಿಂದು ನೋಡೋಣ."

"ತಿಂದು... ನೋಡೋಣ?"

"ಸ್ಥಳ ಪರಿಶೀಲನೆ!" ವಕೀಲರು ಖುಷಿಯಿಂದ ತೊಡೆ ತಟ್ಟಿದರು. ಕೋರ್ಟು ಬಿಟ್ಟು ಹದಿನೈದು ವರ್ಷವಾಗಿದ್ದರೂ ಆ ಮಾತಿಗೆ ಮುದುಕರ ಬೆನ್ನು ನೆಟ್ಟಗಾಗಿತ್ತು. "ಅನುಮತಿ ಇದೆ. ತಿನ್ನಮ್ಮ."

ತಿನ್ನುವ ಮೊದಲು ಸಾಲು ಎಣಿಸಬೇಕೆಂದು ಹೇಳಿ ಠಪ್ಪಕ್ಕ ಔಷಧಿ ಕೋಣೆಗೆ ನಡೆದಳು. ಗೋಡೆಗೆ ಒರಗಿ ಮೂವತ್ತೊಂದು ಜನ. ಯಾರ ಕೆನ್ನೆಯನ್ನೂ ನೋಡದೆ, ಬೇಕೆಂದೇ ಕಾಲುಗಳನ್ನು ಮಾತ್ರ ಎಣಿಸಿ ಎರಡರಿಂದ ಭಾಗಿಸಿದಳು. ಒಳಗೆ ಹೋಗಿ ಡಾಕ್ಟರ ಕಿವಿಯ ಹತ್ತಿರ ಹೇಳಿದಳು: "ಡಾಕ್ಟ್ರೇ, ಇವತ್ತು ಅವಸರ ಇಲ್ಲ. ಯಾರು ಯಾವ ನೋವು ಅಂತ ಬಂದ್ರೂ ಬಾಯಿ ತೆಗಿಸಿ ಹಲ್ಲು ನೋಡಿ. ಪುಸ್ತಕದಲ್ಲಿ ಬರೀರಿ."

"ಮಂಡಿನೋವಿನವರದ್ದೂ?"

"ಅವರದ್ದೂ."

ನಾಲ್ಕು ವರ್ಷದಿಂದ "ಏಳಿ ಏಳಿ" ಎಂದೇ ಕೇಳಿದ್ದ ಡಾಕ್ಟರು ಈಕೆಗೆ ಜ್ವರ ಬಂದಿದೆಯೇ ಎಂಬಂತೆ ನೋಡಿದರು.

ತಲೆಗೆ ನಾಲ್ಕು ನಿಮಿಷ ಎಂದರೂ ಎರಡು ಗಂಟೆ ಬೇಕು. ಬಿಸ್ಕತ್ತು ನಾಲ್ಕು. ಒಂದಕ್ಕೆ ಅರ್ಧ ಗಂಟೆ. ಲೆಕ್ಕ ಸುಲಭ, ಬಾಯಿಗೆ ಅದನ್ನು ಒಪ್ಪಿಸುವುದು ಕಷ್ಟ. ಮೊದಲ ಬಿಸ್ಕತ್ತಿನ ಅರ್ಧ, ಅಭ್ಯಾಸಬಲದಿಂದ, ಗಡಿಯಾರ ನೋಡುವಷ್ಟರಲ್ಲಿ ಗಂಟಲು ದಾಟಿತ್ತು. ಠಪ್ಪಕ್ಕ ಬೆವರಿದಳು. ಆಮೇಲೆ ಗಂಡನನ್ನು ನೆನೆದಳು. ಕಣ್ಣು ಅರ್ಧ ಮುಚ್ಚಿ, ಮುಂದಿನ ಹಲ್ಲಿನಲ್ಲಿ ಇರುವೆ ಹೊರುವಷ್ಟು ಕಚ್ಚಿ, ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದಳು. ಮೂವತ್ತೆರಡಕ್ಕೆ ಬಾಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಅಗಿದಳು. ಈ ಮನುಷ್ಯ ಇಷ್ಟು ಕಷ್ಟದ ಕೆಲಸವನ್ನು ದಿನಕ್ಕೆ ಮೂರು ಹೊತ್ತು ನಗುನಗುತ್ತ ಮಾಡುತ್ತಾರಲ್ಲ ಎಂದು, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಗಂಡನ ಮೇಲೆ ಗೌರವ ಬಂತು.

ಟೀ ತಣ್ಣಗಾಗಿ ಕೆನೆ ಕಟ್ಟಿತು. ಸೂಪರಿಂಟೆಂಡೆಂಟರು ತಟ್ಟೆ ಎತ್ತಿಬಿಡಲು ಮೂರು ಸಲ ಕೈ ಚಾಚಿದರು.

"ಮೇಡಂ, ಆಯ್ತಲ್ಲ?"

"ಹದಿನೇಳು," ಎಂದಳು ಠಪ್ಪಕ್ಕ, ಅಗಿಯುತ್ತಲೇ.

"ನನಗೆ ಮಧ್ಯಾಹ್ನ ಮೀಟಿಂಗ್ ಇದೆ."

"ಹದಿನೆಂಟು."

"ವಿಚಾರಣೆ ನಡೀವಾಗ ಆರೋಪಿಯನ್ನ ಅವಸರಪಡಿಸೋ ಹಾಗಿಲ್ಲ," ಎಂದು ವಕೀಲರು ತೂಕಡಿಕೆಯ ನಡುವೆ ಒಂದು ಕಣ್ಣು ತೆರೆದು ಹೇಳಿ ಮತ್ತೆ ಮುಚ್ಚಿದರು.

ಕೊನೆಯ ಬಿಸ್ಕತ್ತಿನ ಕೊನೆಯ ಚೂರು ನಾಲಿಗೆಯ ಮೇಲಿದ್ದಾಗ ಡಾಕ್ಟರು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ಸೂಪರಿಂಟೆಂಡೆಂಟರು ಪುಸ್ತಕವನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು ಬೆರಳು ಇಟ್ಟು ಹುಡುಕತೊಡಗಿದರು. ಬೆರಳು ಒಂದು ಹೆಸರಿನಲ್ಲಿ ನಿಂತಿತು. ಕೆಳಗಿನದರಲ್ಲಿ ನಿಂತಿತು. ಅದರ ಕೆಳಗಿನದರಲ್ಲೂ ನಿಂತಿತು.

"ಮೂವತ್ತೊಂದರಲ್ಲಿ ಹತ್ತೊಂಬತ್ತು ಜನಕ್ಕೆ ಹುಳುಕು ಹಲ್ಲು," ಎಂದರು ಡಾಕ್ಟರು. "ಆರು ಜನಕ್ಕೆ ಕೀವು ತುಂಬಿ ಕೆನ್ನೆ ಬಾತಿದೆ. ಇವತ್ತೇ ಹಲ್ಲಿನ ಆಸ್ಪತ್ರೆಗೆ ಕಳಿಸ್ಬೇಕು. ಮಂಡಿನೋವು ಅಂತ ಬಂದವನಿಗೂ ಹಲ್ಲೇ ನೋವು. ಹೇಳೋಕೆ ಹೆದರಿದ್ದ ಅಷ್ಟೇ. ಇದೆಲ್ಲ ಒಂದು ತಿಂಗಳಿನದ್ದಲ್ಲ ಅಮ್ಮ, ಐದಾರು ತಿಂಗಳು ಸಾಲಲ್ಲಿ ನಿಂತು ನಿಂತು ವಾಪಸ್ ಹೋದವರು."

ಹತ್ತೊಂಬತ್ತು ಜನರಲ್ಲಿ ಒಬ್ಬನನ್ನು ಹುಡುಕುವುದು ಹೇಗೆಂದು ಸೂಪರಿಂಟೆಂಡೆಂಟರಿಗೆ ತಿಳಿಯಲಿಲ್ಲ. ಠಪ್ಪಕ್ಕನಿಗೆ ಮಾತ್ರ ಆ ಐದಾರು ತಿಂಗಳ ಚಪ್ಪಾಳೆ ಒಂದೊಂದೂ ಕೇಳಿಸಿತು. ಆಕೆ ವಿಚಾರಣೆಯ ಹಾಳೆಯನ್ನು ಎಳೆದುಕೊಂಡಳು. ಅದರಲ್ಲಿ 'ದೂರು ನಿಜ', 'ದೂರು ಸುಳ್ಳು' ಎಂಬ ಎರಡು ಚೌಕಗಳು. ನಿಜ ಎಂಬ ಕಡೆ ಗುರುತು ಹಾಕಿದಳು.

"ಮೇಡಂ, ನಿಮ್ಮ ಮೇಲೆ ನೀವೇ?" ಸೂಪರಿಂಟೆಂಡೆಂಟರು ಗೋಡೆಯ ಸೊನ್ನೆಯತ್ತ ನೋಡಿ ಗೋಗರೆದರು. "ನನ್ನ ಸೊನ್ನೆ ಹೋಗುತ್ತೆ!"

"ಹೋಗ್ಲಿ ಸಾರ್. ಸೊನ್ನೆ ಇಟ್ಕೊಂಡು ನಾವಿಬ್ರೂ ಏನು ಕಡಿದು ಕಟ್ಟೆ ಹಾಕಿದ್ದೀವಿ?"

'ಕೈಗೊಂಡ ಕ್ರಮ' ಎಂಬಲ್ಲಿ ಬರೆದಳು: ಡಾಕ್ಟರು ವಾರ ವಾರವೂ ಬರತಕ್ಕದ್ದು. ಅವರಿಗೆ ಗೇಟಿನ ಪಾಸು ಬೇರೆ. ಸಾಲು ಮುಗಿದ ಮೇಲೆಯೇ ಅವರು ಏಳತಕ್ಕದ್ದು. ಮುಗಿಯಿತೋ ಇಲ್ಲವೋ ಎಂದು ಆರೋಪಿಯೇ ಕೂತು ನೋಡತಕ್ಕದ್ದು. ಕೆಳಗೆ ಆರೋಪಿ ಎಂದು ಒಂದು ಸಹಿ, ಸದಸ್ಯೆ ಎಂದು ಇನ್ನೊಂದು. ವಕೀಲರು ಮೂರನೆಯದು ಹಾಕಿದರು. ಗತ್ಯಂತರವಿಲ್ಲದೆ ಸೂಪರಿಂಟೆಂಡೆಂಟರು ನಾಲ್ಕನೆಯದು ಹಾಕಿದರು.

ಗೇಟಿಗೆ ಹೋಗುವ ಓಣಿಯಲ್ಲಿ ಆಸ್ಪತ್ರೆಯ ವ್ಯಾನಿಗೆ ಕಾಯುತ್ತ ಆ ಆರು ಜನ ಬೆಂಚಿನ ಮೇಲೆ ಕೂತಿದ್ದರು. ಆರೂ ಜನರ ಕೈ ಕೆನ್ನೆಯ ಮೇಲೆ. ಠಪ್ಪಕ್ಕ ದಾಟಿ ಹೋಗಲು ನೋಡಿದಳು, ಕಾಲು ಬರಲಿಲ್ಲ. ನೆಲ ನೋಡುತ್ತಲೇ ಹೇಳಿದಳು:

"ನನ್ನಿಂದ ತಪ್ಪಾಯ್ತು. ನಾನು ನಿಮ್ಮ ಕಡೆ ನೋಡ್ಲೇ ಇಲ್ಲ. ಕ್ಷಮಿಸಿ."

ಬೆಂಚಿನ ಯಾವುದೋ ತುದಿಯಿಂದ, ಬಾತ ಬಾಯಿಯ ದಪ್ಪ ಮಾತೊಂದು ಬಂತು: "ಇರ್ಲಿ ಬಿಡಮ್ಮ. ಇವತ್ತು ಚೆನ್ನಾಗಿ ತಿಂದ್ರಿ."

ಆರೂ ಜನ ನಕ್ಕರು. ನಕ್ಕ ತಕ್ಷಣ ಆರೂ ಜನ ನೋವಿಗೆ "ಅಯ್ಯೋ" ಎಂದು ಕೆನ್ನೆ ಒತ್ತಿ ಹಿಡಿದುಕೊಂಡರು. ಹೇಳಿದ್ದು ಯಾರೆಂದು ತಿಳಿದುಕೊಳ್ಳಲು ಠಪ್ಪಕ್ಕನಿಗೆ ತುಂಬ ಆಸೆಯಾಯಿತು. ತಲೆ ಎತ್ತಲಿಲ್ಲ. ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹಾಕಿ, ವ್ಯಾನು ಬರುವವರೆಗೂ ಅಲ್ಲೇ ಗೋಡೆಗೆ ಒರಗಿ, ಅವರ ಸಾಲಿನ ಕೊನೆಯಲ್ಲಿ ನಿಂತಳು.