ಬಾಯಿಬಿಟ್ಟವರಿಗಷ್ಟೇ ಹಾಜರಿ

ಅಣ್ಣಿಗೇರಿಯ ನಮ್ಮ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಕ್ಲಾಸಿನಲ್ಲಿ ಪಾಠ, ಮೂರು ದಿನ ಮೊಬೈಲಿನಲ್ಲಿ ಪಾಠ ಎಂದಾದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಅರ್ಥಶಾಸ್ತ್ರ ಕಲಿಸುವ ನನಗೆ ನನ್ನ ದನಿಯ ಬಗ್ಗೆ ಮೊದಲೇ ಸೊಕ್ಕು. ಮದುವೆಯ ಕೋಟು ಹೊರತೆಗೆದು, ಹೊಟ್ಟೆ ಒಳಗೆಳೆದು ಗುಂಡಿ ಹಾಕಿಕೊಂಡು ಮೊಬೈಲಿನ ಮುಂದೆ ಕೂತೆ.

"ಯಾರ ಲಗ್ನರೀ?" ಎಂದಳು ಹೆಂಡತಿ.

ಹುಡುಗರು ಮೊಬೈಲ್ ಹಚ್ಚಿಟ್ಟು ಎಮ್ಮೆ ಮೈತೊಳೆಯಲು ಹೋಗುತ್ತಾರೆಂದು ನನಗೆ ಗುಮಾನಿ. ಅದಕ್ಕೇ ಒಂದು ಕಾನೂನು ಮಾಡಿದೆ: ಪ್ರಶ್ನೆಗೆ ಬಾಯಿಬಿಟ್ಟವರಿಗಷ್ಟೇ ಹಾಜರಿ. ಎಂಥಾ ಶಾಣ್ಯಾ ನಾನು ಅಂತ ಒಳಗೊಳಗೇ ಉಬ್ಬಿದೆ.

ತಿರ್ಲಾಪುರದ ಒಬ್ಬ ಹುಡುಗಿ, ನನ್ನ ಲೆಕ್ಕದಲ್ಲಿ, ಮೊಬೈಲ್ ಪಾಠದಲ್ಲಿ ಒಂದು ದಿನವೂ ಬಾಯಿಬಿಡಲಿಲ್ಲ. ಹಾಜರಿ ಸಾಲದೆ ಪರೀಕ್ಷೆಯೇ ತಪ್ಪುವ ಹೊತ್ತು ಬಂತು. ಅವಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದ ಅವಳ ಅವ್ವ, ಪರೀಕ್ಷೆಗೆ ಕೂಡಿಸಿರೆಂಬ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟರು.

"ನಿಮ್ಮ ಮಗಳು ಮೊಬೈಲ್ ಕ್ಲಾಸಿಗೇ ಬಂದಿಲ್ರೀ," ಎಂದೆ ಗತ್ತಿನಿಂದ.

"ಯಾಕ ಬಂದಿಲ್ರೀ ಸರ್? ಹತ್ತಿ ಬಿಡಸೂಮುಂದ ಫೋನು ಅಕಿ ಉಡ್ಯಾಗ ಒದರ್ತಿರತೈತಿ. ನಿಮ್ಮ ಪಾಠ ನಮಗೂ ಬಾಯಿಪಾಠ ಆಗೇತಿ."

ಆಕೆ ಗಂಟಲು ಸರಿಮಾಡಿಕೊಂಡು ನನ್ನದೇ ದನಿ ತೆಗೆದರು: "ಬೆಲೆ ಏರಿದರೆ ಬೇಡಿಕೆ ಏನಾಗುತ್ತದೆ? ಇಳಿಯುತ್ತದೆ! ಹೌದೋ ಅಲ್ಲೋ? ಹೌದು!"

ಬಾಜೂಕಿನ ಇಬ್ಬರು ಮೇಷ್ಟ್ರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಪ್ರಶ್ನೀನೂ ನೀವ, ಉತ್ತರಾನೂ ನೀವ. ನನ್ನ ಮಗಳು ಬಾಯಿ ಯಾವಾಗ ತಗೀಬೇಕ್ರೀ?"

ಆದರೂ ಸೋಲೊಪ್ಪುವ ಜಾತಿಯಲ್ಲ ನಾನು. "ರೆಕಾರ್ಡಿಂಗ್ ಐತ್ರಿ, ನೋಡೂಣು," ಎಂದು ಅವರನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿದೆ. ಅಷ್ಟು ದಿನ ರೆಕಾರ್ಡಿಂಗಿನಲ್ಲಿ ನಾನು ನೋಡಿದ್ದು ಕೋಟನ್ನು ಮಾತ್ರ. ಈಗ ಕಿವಿಗೊಟ್ಟು ಕೇಳಿದೆ. ಥೂ, ಪ್ರಶ್ನೆ ಕೇಳಿ ಒಂದು ಉಸಿರಿನಷ್ಟೂ ತಡೆದಿರಲಿಲ್ಲ ಈ ಮಹಾಶಯ! ನನ್ನ ದನಿಯ ಮೇಲೆ ದನಿ ಹಾಕಿ ಒದರಿದವರಿಗಷ್ಟೇ ಹಾಜರಿ ಸಿಕ್ಕಿತ್ತು. ಮೊದಲ ವಾರದ ಪಾಠದಲ್ಲಿ, ಹೊಲದ ಗಾಳಿಯ ಸಪ್ಪಳದೊಳಗಿಂದ ಒಂದು ಸಣ್ಣ ದನಿ: "ಸರ್, ನಾ ಹೇಳ್ಲೇನ್ರೀ?" ಅದರ ಮೇಲೆಯೇ ನನ್ನ "ಇಳಿಯುತ್ತದೆ!" ಮುಂದಿನ ಪಾಠದಲ್ಲಿ ಬರೀ "ಸರ್" ಅಂದದ್ದು ಕೇಳಿತು. ಆಮೇಲಿನ ಯಾವ ಪಾಠದಲ್ಲೂ ಆ ದನಿ ಇರಲಿಲ್ಲ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಅರ್ಜಿಗೆ ಸಹಿ ಹಾಕಿ ನಾನೇ ಹೊರಗೆ ಒಯ್ದು ಕೊಟ್ಟೆ.

"ತಪ್ಪಾತವ್ವಾ," ಎಂದೆ ಹುಡುಗಿಗೆ.

ಅವಳು ಏನೋ ಹೇಳಲು ಬಾಯಿ ತೆರೆದಳು, ತಡವರಿಸಿದಳು. 'ಇರಲಿ ಬಿಡು' ಅನ್ನುವ ಮಾತು ನನ್ನ ತುಟಿಗೇ ಬಂದಿತ್ತು. ನುಂಗಿಕೊಂಡು, ಅವಳು ಹೇಳಲಿ ಅಂತ ನಿಂತೆ.